ಅವರ ಕೈ ನಿಂತ ಮೇಲೆ

ಫೆಬ್ರವರಿ ೧೬, ಭಾನುವಾರ ಸಂಜೆ

ನನ್ನ ಮುದ್ದು ಅಮ್ಮನಿಗೆ,

ಎರಡೂ ಕೆನ್ನೆಗೆ ಒಂದೊಂದು ಮುತ್ತು. ನಿನ್ನ ಕಾಗದ ಬಂದು ತಿಂಗಳಾಗುತ್ತಾ ಬಂತು. "ಊರಿನವರ ಮಾತನ್ನೆಲ್ಲ ದಾಟಿಸೋಳಿಗೆ ಹೆತ್ತವಳಿಗೆ ಎರಡು ಸಾಲು ಬರೆಯೋಕೆ ಪುರಸೊತ್ತಿಲ್ಲ" ಎಂದು ಚಿಕ್ಕಮ್ಮನ ಮುಂದೆ ಕೈ ಬೀಸಿ ಬೀಸಿ ದೂರಿರುತ್ತೀಯ. ಪುರಸೊತ್ತಿತ್ತು ಅಮ್ಮ. ಬರೆಯಬೇಕಾದದ್ದೇ ನನಗೆ ಇನ್ನೂ ಕೈಗೆ ಸಿಕ್ಕಿರಲಿಲ್ಲ.

ಆರೋಗ್ಯವಾಗಿದ್ದೇನೆ. ಕೆಮ್ಮು ಹೋಯಿತು. ಮನೆಯ ಕೆಳಗಿನ ಮುದ್ರಣಾಲಯದವರು ಹೊಸ ಯಂತ್ರ ತಂದಿದ್ದಾರೆ, ಅದು ಓಡುವಾಗ ಮೇಜಿನ ಮೇಲಿನ ಲೋಟ ತಾನಾಗಿ ನಡೆಯುತ್ತದೆ. ನೀನಿದ್ದರೆ ನೆಲಕ್ಕೆ ಅಂಗಾಲು ಒತ್ತಿ, ಇದೊಳ್ಳೆ ಸಂಗೀತ ಅನ್ನುತ್ತಿದ್ದೆ.

ನಿನ್ನ ಕಾಗದದ ಕೊನೆಯಲ್ಲಿ, ಭಾನುವಾರಗಳಲ್ಲಿ ಏನು ಮಾಡ್ತೀಯ ಎಂದು ಕೇಳಿದ್ದೀಯ. ಮೊದಲೆಲ್ಲ ನೇರವಾಗಿ, ಚರ್ಚಿಗೆ ಹೋಗ್ತೀಯಾ ಎಂದು ಕೇಳುತ್ತಿದ್ದೆ. ನನ್ನ ಮುಖ ಗಂಟಿಕ್ಕುವುದನ್ನು ನೋಡಿ ನೋಡಿ ಪ್ರಶ್ನೆಯನ್ನು ಮೆತ್ತಗೆ ಮಾಡಿಕೊಂಡಿದ್ದೀಯ. ನನಗೆ ದೇವರ ಮೇಲೆ ಸಿಟ್ಟಿದೆ ಎಂದು ನೀನು ತಿಳಿದಿದ್ದೆಯೇನೋ. ಸಿಟ್ಟಿದ್ದರೆ ಜಗಳದ ನೆಪದಲ್ಲಾದರೂ ಮಾತು ನಡೆಯುತ್ತಿತ್ತು. ಮಹಡಿಯ ಮೇಲಿನ ಮನೆಯಲ್ಲಿ ಯಾರೋ ಇದ್ದಾರಂತೆ, ಇರಲಿ ಬಿಡು, ನಮಗೇನು ಎನ್ನುವ ಹಾಗಿದ್ದೆ, ಅಷ್ಟೆ. ನೀನು ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಕೈಯಾಡಿಸುವಾಗ ನಾನು ತಟ್ಟೆಯ ಅಂಚಿನ ಹೂವಿನ ಚಿತ್ರ ನೋಡುತ್ತಾ ಕೂತಿರುತ್ತಿದ್ದೆ. ನಿನ್ನ ಕೈ ಚೆಂದ ಅನ್ನಿಸುತ್ತಿತ್ತು. ಅದು ಯಾರ ಕಡೆಗೆ ಹೋಗುತ್ತಿದೆ ಎಂದು ತಿರುಗಿ ನೋಡಬೇಕು ಅನ್ನಿಸಿರಲಿಲ್ಲ.

ಇರಲಿ, ನಡೆದದ್ದನ್ನು ಹೇಳುತ್ತೇನೆ.

ಹೋದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಹಳೇ ಸೇತುವೆಯ ಪಕ್ಕದ ಚರ್ಚಿನ ಸಭಾಪಾಲಕರು ಕರೆ ಮಾಡಿದರು. ಅವರ ಸಭೆಯಲ್ಲಿ ಒಬ್ಬ ದರ್ಜಿ ಇದ್ದಾರೆ, ಹುಟ್ಟು ಕಿವುಡರು, ನಿನ್ನ ಹಾಗೇ. ಇಷ್ಟು ವರ್ಷವೂ ಅವರ ಹೆಂಡತಿಯೇ ಪಕ್ಕದಲ್ಲಿ ಕೂತು ಪ್ರಸಂಗವನ್ನು ಸನ್ನೆಯಲ್ಲಿ ಹೇಳುತ್ತಿದ್ದರಂತೆ. ಅವರು ಕೈಯಲ್ಲಿ ಪ್ರಾರ್ಥಿಸಿದರೆ ಆಕೆ ಅದಕ್ಕೆ ದನಿ ಕೊಡುತ್ತಿದ್ದರಂತೆ. ಈಗ ಆಕೆಗೆ ಪಾರ್ಶ್ವವಾಯು ಹೊಡೆದು ಆಸ್ಪತ್ರೆ ಸೇರಿದ್ದಾರೆ, ಆಕೆ ವಾಪಸು ಬರುವವರೆಗೆ ಆ ಕೆಲಸ ಮಾಡಿಕೊಡಲು ಸಾಧ್ಯವೇ ಎಂದು ಕೇಳಿದರು. ವಾರವೆಲ್ಲ ನ್ಯಾಯಾಲಯ, ಬ್ಯಾಂಕು, ವಿಮಾ ಕಚೇರಿಗಳಲ್ಲಿ ಕಿವುಡರಿಗೆ ದುಭಾಷಿ ಕೆಲಸ. ಅದರ ಜೊತೆಗೆ ಇದೂ ಒಂದು ಎಂದು ಒಪ್ಪಿಕೊಂಡೆ. ನಿನಗೆ ಬರೆಯಲಿಲ್ಲ. ಬರೆದಿದ್ದರೆ ನೀನು ಕುಣಿದಾಡುತ್ತಿದ್ದೆ, ಆಮೇಲೆ ಅದು ಬರೀ ಕೆಲಸ ಎಂದು ತಿಳಿದು ಬಾಡುತ್ತಿದ್ದೆ.

ನನ್ನ ಕಸುಬಿನ ಗುಟ್ಟು ನಿನಗೆ ಗೊತ್ತಲ್ಲ. ಮಾತು ಕಿವಿಯಿಂದ ಕೈಗೆ ಇಳಿದುಹೋಗುತ್ತದೆ, ಒಳಗೆ ಒಂದು ಹನಿಯೂ ನಿಲ್ಲುವುದಿಲ್ಲ. ಕಳ್ಳನ ಸಾಕ್ಷಿ ಆಗಲಿ, ಮದುವೆಯ ಮಾತಾಗಲಿ, ಹೊರಗೆ ಬಂದು ಚಹಾ ಕುಡಿಯುವ ಹೊತ್ತಿಗೆ ಮರೆತೇ ಹೋಗಿರುತ್ತದೆ. ಚರ್ಚಿನಲ್ಲೂ ಹಾಗೇ. ಕೃಪೆ, ಪಾಪ, ಶಿಲುಬೆ, ಕ್ಷಮೆ ಎಲ್ಲವನ್ನೂ ನಾನು ಅಚ್ಚುಕಟ್ಟಾಗಿ ದಾಟಿಸಿ, ಚೀಲ ಹೆಗಲಿಗೇರಿಸಿ ಮನೆಗೆ ಬರುತ್ತಿದ್ದೆ.

ಮೂರನೆಯ ವಾರವೋ ನಾಲ್ಕನೆಯ ವಾರವೋ, ಆರಾಧನೆ ಮುಗಿದ ಮೇಲೆ ದರ್ಜಿ ನನ್ನನ್ನು ನಿಲ್ಲಿಸಿದರು. ನನ್ನ ಕೋಟಿನ ತೋಳಿನಲ್ಲಿ ಬಿಚ್ಚಿಹೋಗಿದ್ದ ಹೊಲಿಗೆ ಮೊದಲು ತೋರಿಸಿದರು, ಅದು ಅವರ ಅಭ್ಯಾಸ. ಆಮೇಲೆ ಹೇಳಿದರು:

"ಬೇಜಾರು ಮಾಡ್ಕೋಬೇಡಮ್ಮ. ನೀನು ಕೈಯಲ್ಲಿ ಸಂತೋಷ ಅಂತೀಯ, ಮುಖ ನೋಡಿದ್ರೆ ಬಸ್ಸಿಗೆ ಕಾಯ್ತಾ ನಿಂತಿರೋ ಹಾಗಿದೆ."

ನನಗೆ ನಗು ಬಂತು, ಅವಮಾನವೂ ಆಯಿತು. ಸನ್ನೆಗೆ ಮುಖವೇ ವ್ಯಾಕರಣ ಎಂದು ನನಗೆ ಬೆರಳು ಹಿಡಿದು ಕಲಿಸಿದವಳು ನೀನು. ಮುಂದಿನ ವಾರದಿಂದ ಮುಖವನ್ನೂ ಸೇರಿಸಿದೆ. ಆದರೆ ಅಮ್ಮ, ಅಲ್ಲೇ ನಾನು ಸಿಕ್ಕಿಬಿದ್ದೆ ಅಂತ ಈಗ ಅನ್ನಿಸುತ್ತದೆ. ಹಂಬಲ ಎಂಬ ಮಾತಿಗೆ ಹಂಬಲದ ಮುಖ ಮಾಡಬೇಕಾದರೆ ಒಂದು ಗಳಿಗೆಯಾದರೂ ಯಾವುದಕ್ಕಾದರೂ ಹಂಬಲಿಸಲೇಬೇಕಲ್ಲ? ನನಗೆ ಸುಮ್ಮನೆ ನಿನ್ನ ನೆನಪಾಗುತ್ತಿತ್ತು. ಅದನ್ನೇ ಸಾಲ ತಂದು ಮುಖಕ್ಕೆ ಹಚ್ಚಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ದರ್ಜಿಯ ಹೆಂಡತಿಗೆ ಎರಡನೆಯ ಸಲ ಹೊಡೆತ ಬಿತ್ತು. ವೈದ್ಯರ ಜೊತೆ ಮಾತಾಡಲು ನನ್ನನ್ನೂ ಕರೆದುಕೊಂಡು ಹೋದರು. ಮಧ್ಯಾಹ್ನ, ಹಾಸಿಗೆಯ ಸುತ್ತ ಹಸಿರು ಪರದೆ, ಆಕೆ ಬಾಯಿ ಸ್ವಲ್ಪ ತೆರೆದುಕೊಂಡು ಮಲಗಿದ್ದರು. ವೈದ್ಯೆ ಚಿಕ್ಕ ವಯಸ್ಸಿನವಳು, ಒಳ್ಳೆಯವಳು. "ಪ್ರಜ್ಞೆ ಬರಬಹುದು, ಬರದೇನೂ ಇರಬಹುದು. ನೀವು ಮನಸ್ಸು ಗಟ್ಟಿ ಮಾಡ್ಕೋಬೇಕು" ಎಂದಳು. ನಾನು ಅದನ್ನು ಕೈಯಲ್ಲಿ ಹೇಳಿದೆ. ದರ್ಜಿ ತಲೆಯಾಡಿಸಿ, ವೈದ್ಯೆಗೆ ನಮಸ್ಕಾರ ಹೇಳಿದರು. ಅವಳು ಹೊರಟುಹೋದಳು.

ಪರದೆಯೊಳಗೆ ನಾವು ಮೂವರೇ. ದರ್ಜಿ ಮಂಚದ ಕಾಲಬುಡದಲ್ಲಿ ನಿಂತು ಪ್ರಾರ್ಥಿಸತೊಡಗಿದರು. ನಾನು ಅಭ್ಯಾಸಬಲದಿಂದ ದನಿ ಕೊಡತೊಡಗಿದೆ.

"ಸ್ವಾಮೀ, ಇಷ್ಟು ವರ್ಷ ನಾನು ಕೈಯಾಡಿಸ್ದೆ, ಇವಳು ಬಾಯಾದಳು. ನಿನ್ನ ಹತ್ರ ಒಬ್ಬನೇ ಬಂದು ನನಗೆ ರೂಢಿ ಇಲ್ಲ. ಇವಳನ್ನ ಕರ್ಕೊಳ್ಳೋದಾದ್ರೆ ನಾನು ನಿನ್ನ ತಡೆಯೋಕಾಗಲ್ಲ. ಆದ್ರೆ ನಾನು ತಯಾರಾಗಿಲ್ಲ, ಅದನ್ನ ನಿನ್ನ ಹತ್ರ ಯಾಕೆ ಮುಚ್ಚಿಡ್ಲಿ. ಏನೇ ಮಾಡು, ದೂರ ಹೋಗ್ಬೇಡ. ಇಲ್ಲೇ ಇರು."

ಅಲ್ಲಿಗೆ ಅವರ ಕೈ ನಿಂತಿತು. ಮಂಚದ ಸರಳನ್ನು ಹಿಡಿದುಕೊಂಡು ಅಳತೊಡಗಿದರು. ನನ್ನ ದನಿ ನಿಲ್ಲಲಿಲ್ಲ ಅಮ್ಮ. ಅದು ತನ್ನಷ್ಟಕ್ಕೆ ಮುಂದುವರಿಯಿತು. "ನನ್ನ ಹತ್ರಾನೂ ಬಾ" ಅಂದೆ. "ಇಷ್ಟು ದಿನ ನಿನ್ನ ಹೆಸರು ನನ್ನ ಬಾಯಲ್ಲಿ ಬಂದು ಹೋಗ್ತಿತ್ತು, ನಾನು ಕರೆದಿರಲಿಲ್ಲ. ಈಗ ಕರೀತಿದೀನಿ. ಯೇಸುವೇ, ನನಗೂ ನೀನು ಬೇಕು."

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಅಲ್ಲಿ ಕಿವಿ ಕೇಳುವವರು ಯಾರಿದ್ದರು? ಅವರು ಕಿವುಡರು, ಆಕೆಗೆ ಪ್ರಜ್ಞೆಯಿಲ್ಲ. ಅಷ್ಟು ಹೊತ್ತು ನಾನು ಯಾರಿಗೆ ದನಿ ಕೊಟ್ಟೆ? ಸುಮ್ಮನೆ ಗಾಳಿಗೆ ಹೇಳಿದೆ ಎಂದುಕೊಳ್ಳಲು ನೋಡಿದೆ. ಆಗಲಿಲ್ಲ. ಎದುರಿಗೆ ಯಾರೋ ಕೇಳಿಸಿಕೊಂಡ ಹಾಗೆ, ಕೇಳಿಸಿಕೊಂಡು ಸುಮ್ಮನೆ ನನ್ನನ್ನೇ ನೋಡುತ್ತಾ ನಿಂತ ಹಾಗಿತ್ತು.

ದುಭಾಷಿಯಾದವಳು ಒಂದು ಪದ ಸೇರಿಸಿದರೂ ಹೇಳಬೇಕು, ಅದು ನಮ್ಮ ನಿಯಮ. ಅವರು ಕಣ್ಣೊರೆಸಿಕೊಂಡ ಮೇಲೆ ಹೇಳಿದೆ: ನಿಮ್ಮ ಕೈ ನಿಂತ ಮೇಲೆ ನಾನು ಇಷ್ಟು ಮಾತು ಸೇರಿಸಿಬಿಟ್ಟೆ, ತಪ್ಪಾಯಿತು ಎಂದು. ಅವರು ಇನ್ನೊಮ್ಮೆ ಹೇಳಿಸಿದರು. ಆಮೇಲೆ ಆ ಸ್ಥಿತಿಯಲ್ಲೂ ಮುಖ ಅರಳಿತು.

"ಅದು ನನ್ನ ಮಾತಲ್ಲಮ್ಮ. ನಿಂದು. ನೀನೇ ಇಟ್ಕೋ."

ಇಟ್ಟುಕೊಳ್ಳುವ ಧೈರ್ಯ ನನಗೆಲ್ಲಿತ್ತು? ಮನೆಗೆ ಬಂದು ಬ್ರೆಡ್ಡು ಸುಟ್ಟುಕೊಂಡು ತಿಂದೆ, ಆಯಾಸಕ್ಕೆ ಹಾಗಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮತ್ತೆ ಕೆಲಸ, ಮತ್ತೆ ಬಸ್ಸು. ದರ್ಜಿಯ ಹೆಂಡತಿ ಕಣ್ಣು ಬಿಟ್ಟರು. ಯಾರೂ ನಿರೀಕ್ಷಿಸಿರಲಿಲ್ಲ, ಆ ವೈದ್ಯೆಯೂ ಸೇರಿ. ಮಾತು ತೊದಲು, ಬಲಗೈ ಅರ್ಧ ಆಡುತ್ತದೆ. ಚಳಿಗಾಲ ಶುರುವಾಗುವ ಹೊತ್ತಿಗೆ ಗಾಲಿಕುರ್ಚಿಯಲ್ಲಿ ಚರ್ಚಿಗೆ ಬಂದು, ಗಂಡನ ಪಕ್ಕ ಕೂತು, ಎಡಗೈಯಲ್ಲೇ ಅವರಿಗೆ ಪ್ರಸಂಗ ಹೇಳಿದರು. ನಾನು ನಡುವೆ ಮಾತು ಸೇರಿಸಲು ಹೋದರೆ ಕಣ್ಣು ಬಿಟ್ಟು ಹೆದರಿಸಿದರು. ಗಂಡನನ್ನು ಬಿಟ್ಟುಕೊಡುವ ಹೆಂಗಸಲ್ಲ! ಸಭಾಪಾಲಕರು ಎಲ್ಲರ ಮುಂದೆ ನನಗೆ ಧನ್ಯವಾದ ಹೇಳಿದರು. ನನ್ನ ಕೆಲಸ ಮುಗಿಯಿತು.

ಮುಂದಿನ ಭಾನುವಾರ ತಡವಾಗಿ ಎದ್ದೆ. ಪರದೆ ಒಗೆದೆ. ಒಲೆ ಉಜ್ಜಿದೆ. ಇಸ್ತ್ರಿ ಮಾಡಿದ ಬಟ್ಟೆಯನ್ನೇ ಮತ್ತೆ ಇಸ್ತ್ರಿ ಮಾಡಿದೆ. ಕೈ ಸುಮ್ಮನಿರಲಿಲ್ಲ. ಏನನ್ನೋ ಎಲ್ಲೋ ಬಿಟ್ಟು ಬಂದ ಹಾಗೆ, ಯಾರೋ ಕಾಯುತ್ತಿರುವಾಗ ನಾನಿಲ್ಲಿ ಒಲೆ ಉಜ್ಜುತ್ತಾ ಕೂತಿರುವ ಹಾಗೆ. ಕೊನೆಗೆ ಒದ್ದೆ ಕೂದಲಲ್ಲೇ ಹೊರಟೆ. ಸೇತುವೆ ದಾಟುವಾಗ ಓಡುತ್ತಿದ್ದೆ ಎಂದರೆ ನೀನು ನಂಬುವುದಿಲ್ಲ.

ಕೊನೆಯ ಸಾಲಿನಲ್ಲಿ ಕೂತೆ. ಆ ದಿನ ಸಭಾಪಾಲಕರು ಯೇಸು ಒಬ್ಬ ಕಿವುಡನನ್ನು ಮುಟ್ಟಿದ ಸಂಗತಿ ಹೇಳುತ್ತಿದ್ದರು, ನಿನಗೆ ತುಂಬಾ ಇಷ್ಟವಾದದ್ದು. ಎಲ್ಲರ ಮುಂದೆ ಅವನನ್ನು ನಿಲ್ಲಿಸಲಿಲ್ಲವಂತೆ. ಗುಂಪಿನಿಂದ ಆಚೆ ಕರೆದುಕೊಂಡು ಹೋದನಂತೆ. ಮಾತಾಡುವ ಮುಂಚೆ ಕಿವಿ ಮುಟ್ಟಿದ, ನಾಲಿಗೆ ಮುಟ್ಟಿದ, ಆಕಾಶ ನೋಡಿ ನಿಟ್ಟುಸಿರಿಟ್ಟ. ಈ ಮಾತನ್ನು ಯಾರಿಗೂ ದಾಟಿಸಬೇಕಾಗಿರಲಿಲ್ಲ ಅಮ್ಮ. ಮೊದಲ ಸಲ ಅದು ಕೈಗೆ ಇಳಿಯದೆ ನನ್ನಲ್ಲೇ ನಿಂತಿತು. ಆ ಕಿವುಡನಿಗಾಗಿ ಅವನು ನಿಟ್ಟುಸಿರಿಟ್ಟನಲ್ಲ, ನನಗಾಗಿಯೂ ಎಷ್ಟು ಸಲ ಇಟ್ಟಿರಬಹುದು ಅನ್ನಿಸಿತು. ನೀನು ಬೇಕು ಎಂದು ನಾನು ಅನ್ನುವ ಮುಂಚೆಯೇ ಅವನಿಗೆ ನಾನು ಬೇಕಾಗಿದ್ದೆ. ಕುತ್ತಿಗೆ ಬಗ್ಗಿಸಿ ಅತ್ತೆ. ಪಕ್ಕದ ಅಜ್ಜಿ ಕರವಸ್ತ್ರ ಕೊಟ್ಟರು, ಅದಕ್ಕೆ ನಶ್ಯದ ವಾಸನೆ. ಅಳುವಿನ ನಡುವೆ ಸೀನು.

ಆಮೇಲೆ ಎಲ್ಲವೂ ಸರಿಹೋಯಿತು ಎಂದುಕೊಳ್ಳಬೇಡ. ಆ ದಿನದಿಂದ ನನಗೆ ನೆಮ್ಮದಿಗಿಂತ ಹೆಚ್ಚಾಗಿ ಹಸಿವು. ಕೆಲವು ದಿನ ಅವನು ಪಕ್ಕದಲ್ಲೇ ಇದ್ದಾನೆ ಅನ್ನಿಸುತ್ತದೆ. ಕೆಲವು ದಿನ ಏನೂ ಇಲ್ಲ, ಆಗ ಬೀದಿ ಬೀದಿ ಹುಡುಕಿಕೊಂಡು ಹೋಗಬೇಕು ಅನ್ನಿಸುತ್ತದೆ. ಒಂದು ಮಂಗಳವಾರ ನ್ಯಾಯಾಲಯದಿಂದ ಸೀದಾ ಚರ್ಚಿಗೆ ಹೋದೆ. ನೆಲ ಒರೆಸುವಾಕೆ ಬಾಗಿಲಲ್ಲಿ ನಿಂತು, "ಯಾರು ಬೇಕಿತ್ತು?" ಎಂದರು. ನಾನು ಏನೆಂದು ಹೇಳಲಿ? ಒಳಗಿನ ಬೆಂಚಿನ ಕಡೆ ಕೈ ತೋರಿಸಿದೆ. "ಸರಿ, ಬನ್ನಿ. ನೆಲ ಒದ್ದೆ ಇದೆ, ಜಾರೀರಿ" ಎಂದು ದಾರಿ ಬಿಟ್ಟರು.

ಅಲ್ಲಿ ಕೂತು ಪ್ರಾರ್ಥಿಸಲು ನೋಡಿದೆ. ಬಾಯಿ ತೆರೆದರೆ ಕಸುಬಿನ ದನಿ ಬರುತ್ತದೆ, ಯಾರದೋ ಪರವಾಗಿ ಮಾತಾಡುವ ಹಾಗೆ. ಆಗ ಕೈ ಮೇಲೆ ಬಂತು. ನೀನು ಮಾಡುವ ಹಾಗೇ ಬೆರಳಿನಿಂದ ಒಂದು ಅಂಗೈಯ ನಡುವನ್ನು ಮುಟ್ಟಿದೆ, ಆಮೇಲೆ ಇನ್ನೊಂದರ ನಡುವನ್ನು. ಮೊಳೆಯ ಗುರುತು, ಸನ್ನೆಯಲ್ಲಿ ಅವನ ಹೆಸರು. ದರ್ಜಿಗಾಗಿ ಅದನ್ನು ಎಷ್ಟೋ ಸಲ ಮಾಡಿದ್ದೆ. ಆ ದಿನ ಬೆರಳು ಅಂಗೈಯ ಮೇಲೆ ಇಟ್ಟಲ್ಲೇ ಇತ್ತು, ತೆಗೆಯಲು ಮನಸ್ಸಾಗಲಿಲ್ಲ. ನಾನು ಮಾತಾಡುವ ಮುಂಚೆ ಕಲಿತ ಭಾಷೆ ನಿನ್ನದೇ ಅಲ್ಲವೇ? ಎದೆಯ ಮಾತಿಗೆ ಅದೇ ಬೇಕಾಯಿತು.

ಈಗ ಬೆಳಿಗ್ಗೆ ಒಲೆಯ ಮುಂದೆ, ಬಸ್ ನಿಲ್ದಾಣದಲ್ಲಿ ಚೀಲದ ಮರೆಯಲ್ಲಿ, ಅವನ ಜೊತೆ ಮಾತಾಡುತ್ತೇನೆ. ಮೊನ್ನೆ ಬಸ್ಸಿನಲ್ಲಿ ನನ್ನ ಎದುರಿನ ಸೀಟಿನ ಗಂಡಸು ನನ್ನ ಕೈ ನೋಡಿ ಎದ್ದು ಬೇರೆ ಕಡೆ ಹೋಗಿ ಕೂತ!

ಇಂದು ಈ ಕಾಗದ ಬರೆಯುವುದಕ್ಕೆ ಕಾರಣವೂ ಇದೆ. ಬೆಳಿಗ್ಗೆ ಸಭಾಪಾಲಕರು, ಯಾರಾದರೂ ಪ್ರಾರ್ಥಿಸಬೇಕು ಅನ್ನಿಸಿದರೆ ಎದ್ದು ನಿಲ್ಲಿ ಎಂದರು. ನಿಂತೆ. ಬಾಯಿ ಕಟ್ಟಿತು, ಕೈಯೇ ಮಾತಾಡಿತು. ಸಭೆ ಏನೂ ಅರ್ಥವಾಗದೆ ಕಕ್ಕಾಬಿಕ್ಕಿಯಾಗಿ ನೋಡುತ್ತಿತ್ತು. ಆಗ ಮುಂದಿನ ಸಾಲಿನಿಂದ ಒಂದು ತೊದಲು ದನಿ ಎದ್ದಿತು. ದರ್ಜಿಯ ಹೆಂಡತಿ ಗಾಲಿಕುರ್ಚಿ ತಿರುಗಿಸಿಕೊಂಡು ನನ್ನ ಕೈ ನೋಡುತ್ತಾ, ಒಂದೊಂದೇ ಪದ ಕಿತ್ತು ಕಿತ್ತು, ನನಗೆ ದನಿಯಾದರು. "ನಾನು... ನಿನ್ನವಳು. ತಡ... ತಡವಾಗಿ ಬಂದೆ. ನನ್ನನ್ನ... ಹತ್ರ ಇಟ್ಕೋ." ಒಂದು ಪದವನ್ನೂ ಸೇರಿಸಲಿಲ್ಲ, ಒಂದನ್ನೂ ಬಿಡಲಿಲ್ಲ. ದರ್ಜಿ ಎಲ್ಲರಿಗಿಂತ ತಡವಾಗಿ, ಎಲ್ಲರಿಗಿಂತ ದೊಡ್ಡದಾಗಿ, ಎರಡೂ ಕೈ ಎತ್ತಿ ಆಮೆನ್ ಅಂದರು.

ನೀನು ಅಲ್ಲಿರಬೇಕಿತ್ತು ಅಮ್ಮ. ಎಲ್ಲ ಸಿಕ್ಕ ಗಳಿಗೆಯಲ್ಲೂ ನೀನು ಬೇಕು ಅನ್ನಿಸಿತು. ನಿನ್ನ ಹೆಸರು ಹಿಡಿದು ಅವನ ಹತ್ತಿರ ದಿನವೂ ಒಂದು ವಿಷಯ ಕೇಳುತ್ತಿದ್ದೇನೆ. ಏನೆಂದು ಇಲ್ಲಿ ಬರೆಯುವುದು ಬೇಡ ಅಂದುಕೊಂಡಿದ್ದೇನೆ.

ಚಿಕ್ಕಮ್ಮನಿಗೆ ನೆನಪು ಹೇಳು. ಮಾತ್ರೆ ತಪ್ಪಿಸಬೇಡ.

ನಿನ್ನ ಕೈಯಲ್ಲಿ ಬೆಳೆದ,
ನಿನ್ನ ಪುಟ್ಟಿ

ತಾ.ಕ. ಬರೆಯುವುದಿಲ್ಲ ಅಂದುಕೊಂಡದ್ದನ್ನು ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಈ ರಾತ್ರಿ ನಿದ್ದೆ ಬರುವುದಿಲ್ಲ. ನಿನ್ನ ಕಣ್ಣು ಮಸುಕಾಗುತ್ತಿರುವ ಸಂಗತಿ ಚಿಕ್ಕಮ್ಮ ಹೇಳಿಬಿಟ್ಟಿದ್ದಾರೆ, ಅವರನ್ನು ಬೈಯಬೇಡ. ಇಷ್ಟು ದಪ್ಪ ಅಕ್ಷರ ಯಾಕೆಂದು ನೀನು ಆಗಲೇ ಊಹಿಸಿರುತ್ತೀಯ. ಕಣ್ಣು ಉಳಿಸು ಎಂದು ದಿನವೂ ಕೇಳುತ್ತಿದ್ದೇನೆ, ಕೇಳುವುದನ್ನು ಬಿಡುವುದಿಲ್ಲ. ಆದರೆ ಕೇಳುತ್ತಾ ಸುಮ್ಮನೆ ಕೂತಿಲ್ಲ. ಕಿವಿಯೂ ಕಣ್ಣೂ ಇಲ್ಲದವರ ಜೊತೆ ಕೈಯೊಳಗೆ ಕೈಯಿಟ್ಟು ಮಾತಾಡುವುದನ್ನು ಕಲಿಯಲು ಒಬ್ಬ ಟೀಚರ್ ಹತ್ತಿರ ಹೋಗುತ್ತಿದ್ದೇನೆ. ರಜೆ ಹಾಕಿದ್ದೇನೆ, ಶನಿವಾರದ ರೈಲಿಗೆ ಬರುತ್ತೇನೆ. ನಾನು ಮಾತಾಡುವಾಗ ನಿನ್ನ ಕೈಯನ್ನು ನನ್ನ ಕೈಯ ಮೇಲೆ ಹಗುರವಾಗಿ ಇಟ್ಟುಕೋ, ಹಿಡಿಯಬೇಡ, ಜೊತೆಗೆ ಬಾ, ಅಷ್ಟು ಸಾಕು. ನಿನಗೆ ಎರಡು ದಿನದಲ್ಲಿ ಬರುತ್ತದೆ. ಪ್ರಾರ್ಥನೆಯಿಂದಲೇ ಶುರು ಮಾಡೋಣ. ಮೊದಲು ನೀನು ಮಾಡು, ನಿನ್ನ ಕೈಯ ಮೇಲೆ ಕೈಯಿಟ್ಟು ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ.