ಉಡಿ ತುಂಬಿದ ನೀರಿಗೆ ಮಹಾಪೂರ ಎನ್ನಲಿಲ್ಲ

ಗಡಹಿಂಗ್ಲಜ
ಗುರುವಾರ, ಮಧ್ಯಾಹ್ನ

ನನ್ನ ಪ್ರೀತಿಯ ದುಂಡಕ್ಕನಿಗೆ,

ನಿನ್ನ ತಂಗಿ ಸಾರಿಕಾ ಮಾಡುವ ನಮಸ್ಕಾರ. ಕೈಯಲ್ಲಿ ಫೋನಿರುವಾಗ ಇವಳೇಕೆ ಕಾಗದ ಬರೆದಳು ಎಂದು ಹುಬ್ಬು ಗಂಟಿಕ್ಕಬೇಡ. ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಬಿಟ್ಟದ್ದು ಯಾವಾಗ, ಹೇಳು. ಅರ್ಧಕ್ಕೇ "ಆತ ಬಿಡು, ಒಲಿ ಮ್ಯಾಲ ಹಾಲ ಇಟ್ಟೇನಿ" ಅಂದುಬಿಡುತ್ತೀ. ಇವತ್ತಿನ ವಿಷಯ ಹಾಲು ಉಕ್ಕುವಷ್ಟರಲ್ಲಿ ಮುಗಿಯುವಂಥದ್ದಲ್ಲ. ನೀನು ಅಕ್ಷರ ಕೂಡಿಸಿ ಕೂಡಿಸಿ ಓದುವವಳು, ಹಾಗಾದರೂ ನಿಧಾನವಾಗಿ ಒಳಗಿಳಿಯಲಿ ಎಂದು ಬರೆಯುತ್ತಿದ್ದೇನೆ.

ಇಲ್ಲಿಯ ಹಳೆಯ ವಾಚನಾಲಯದಲ್ಲಿ ಕುಳಿತಿದ್ದೇನೆ. ಕುಳಿತಿದ್ದೇನೆ ಎನ್ನುವುದೂ ಪೂರ್ತಿ ನಿಜವಲ್ಲ. ಎದ್ದು ಕಿಟಕಿಗೆ ಹೋಗುತ್ತೇನೆ, ಮಳೆ ನಿಂತಿತೇ ಎಂದು ನೋಡುತ್ತೇನೆ, ಬಂದು ಎರಡು ಸಾಲು ಬರೆದು ಮತ್ತೆ ಏಳುತ್ತೇನೆ. ಪಕ್ಕದಲ್ಲಿ ಪೇಪರು ಓದುತ್ತಿರುವ ಹಿರಿಯರೊಬ್ಬರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಸಾಕಾಗಿದ್ದಾರೆ. ಇಚಲಕರಂಜಿಯಿಂದ ನಮ್ಮ ಪತ್ರಿಕೆಯ ಕೇದಾರನ ಫೋನು ಬರುತ್ತಲೇ ಇದೆ. "ಅಕ್ಕಾರ, ಅಗ್ರಲೇಖ ಎಲ್ಲೀತನಕಾ ಬಂತ್ರಿ? ಪೇಪರದ ಪಾನ ಖಾಲಿ ಬಿಡಾಕ ಬರೂದಿಲ್ರಿ" ಎನ್ನುತ್ತಾನೆ. ಸಂಪಾದಕ ಎಂದು ಅಚ್ಚಾಗುವುದು ಅವನ ಹೆಸರು, ಸಂಪಾದಕೀಯ ಬರೆಯುವವಳು ನಾನು. ಇದು ಮಗ್ಗದ ಓಣಿಗಳಿಗೆಲ್ಲ ಗೊತ್ತಿರುವ ಗುಟ್ಟು.

ಈ ವಾರದ ಸಂಪಾದಕೀಯ ನೀನು ಹೇಳಿ ಬರೆಸಿದ್ದು. ನಿನ್ನ ಮಗಳು ಸಾಕ್ಷಿಯ ಸೀಮಂತದ ಕುಬಸ ಮುಗಿಸಿ, ಚೊಚ್ಚಲ ಬಾಣಂತನಕ್ಕೆಂದು ಅವಳನ್ನು ಕುರುಂದವಾಡಕ್ಕೆ ಕರೆತಂದಿದ್ದ ದಿನ, ಹೆಂಗಸರೆಲ್ಲ ಉಣ್ಣಲು ಕುಳಿತಾಗ, ನೀನು ನನ್ನನ್ನು ಹಿತ್ತಲಿಗೆ ಕರೆದೆ. "ಸರಕಾರದವ್ರು ಹೊಳಿ ದಂಡಿ ಓಣಿ ಎಬ್ಬಸ್ತೇವಿ ಅನ್ನಾಕತ್ತಾರ. ಮಾಳದ ಮ್ಯಾಲ ಜಾಗಾ ಕೊಡ್ತಾರಂತ. ಅಲ್ಲಿ ಕಲ್ಲ ಬಿಟ್ರ ಏನೈತಿ? ಆ ದೊಡ್ಡ ಪೂರಗೋಳ ಬಿಟ್ರ ನಮ್ಮ ಓಣಿಗೆ ಎಂದಾರ ನೀರ ಬಂದಾವೇನು? ನೀ ಬರಿ. ನಿನ್ನ ಪೇಪರ ಸಾಹೇಬ್ರ ತನಕಾ ಹೋಗತೈತಿ" ಅಂದೆ. ನಿನ್ನ ಹಿಂದೆ ಬದನೆಯ ಪಾತಿ, ಅದರಾಚೆ ಕೃಷ್ಣೆ. ನಾನು ಹೂಂ ಎಂದೆ. ಇನ್ನೇನು ಅನ್ನಲಿ? ಅವ್ವ ಹೋದ ಮೇಲೆ ನನ್ನ ಹೆರಳು ಹಾಕಿದ ಕೈ ನಿನ್ನದು. ಅಪ್ಪ ಇಚಲಕರಂಜಿಯಲ್ಲಿ ಒಂದರ ಹಿಂದೊಂದು ಪಾಳಿಯಲ್ಲಿ ಮಗ್ಗ ನಡೆಸುತ್ತಿದ್ದಾಗ ನಿನ್ನ ಗಂಡನ ಮನೆಯಲ್ಲಿ ನಿನ್ನ ಸೆರಗು ಹಿಡಿದು ಬೆಳೆದವಳು ನಾನು.

ಆದರೆ ಅಕ್ಕ ಹೇಳಿದಳು ಎಂದು ಬರೆದರೆ ಸಾಹೇಬರು ನಗುತ್ತಾರೆ. ಆಧಾರ ಬೇಕು. ಮೊದಲು ಫೋನಿನಲ್ಲೇ ಹುಡುಕಿದೆ. ಕನ್ನಡದಲ್ಲಿ ಹುಡುಕಿದರೆ ಏನೂ ಸಿಗಲಿಲ್ಲ. ಕುರುಂದವಾಡದಲ್ಲಿ ಕನ್ನಡ ಮಾತಾಡುವವರಿದ್ದಾರೆ ಎಂಬುದು ಅಂತರ್ಜಾಲಕ್ಕೆ ಇನ್ನೂ ತಿಳಿದಿಲ್ಲ. ಮರಾಠಿಯಲ್ಲಿ ಊರ ಹೆಸರು ಹಾಕಿದರೆ ಬಾಸುಂದಿ ಬರುತ್ತದೆ, ಅಂಗಡಿಯ ದಾರಿ ಸಮೇತ. ಇಂಗ್ಲಿಷಿನಲ್ಲಿ ಹುಡುಕಿದರೆ ಅಣೆಕಟ್ಟಿನಿಂದ ಬಿಟ್ಟ ನೀರಿನ ಲೆಕ್ಕ. ಸೇತುವೆಯ ಹತ್ತಿರ ನೀರೆಷ್ಟು ಎಂದು ಬರೆದಿಟ್ಟವರಿದ್ದಾರೆ, ನಿನ್ನ ಬಾಗಿಲಲ್ಲಿ ಎಷ್ಟು ಎಂದು ನೋಡಿದವರಿಲ್ಲ. ಕೊನೆಗೆ ಹಳೆಯ ಮರಾಠಿ ದಿನಪತ್ರಿಕೆಗಳನ್ನು ಇಟ್ಟಿರುವ ಒಂದು ವೆಬ್‌ಸೈಟು ಸಿಕ್ಕಿತು. ಊರ ಹೆಸರಿನ ಜೊತೆ ಮಹಾಪೂರ ಎಂದು ಹಾಕಿದೆ. ಎಲ್ಲರಿಗೂ ನೆನಪಿರುವ ದೊಡ್ಡ ಪೂರಗಳು ಮಾತ್ರ ಬಂದವು. ನೀನು ಹೇಳಿದ್ದೇ ಸರಿ ಅನ್ನಿಸಿ, ಖುಷಿಯಿಂದ ಒಂದೇ ಉಸಿರಿಗೆ ಸಂಪಾದಕೀಯ ಬರೆದು ಮುಗಿಸಿದೆ. ಕೇದಾರ ಓದಿ "ಝಕಾಸ್ ಆಗೈತ್ರಿ" ಅಂದ.

ಅಲ್ಲಿಗೆ ನಿಲ್ಲಿಸಬಹುದಿತ್ತು. ನನ್ನ ಸ್ವಭಾವ ನಿನಗೆ ಗೊತ್ತಲ್ಲ, ಕುದಿಯುವ ಸಾರಿನ ಮುಚ್ಚಳ ತೆಗೆದು ನೋಡದೆ ಇರಲಾರೆ. ಒಂದೇ ಕಡೆ ಹುಡುಕಿ ಇಲ್ಲ ಎಂದು ಬರೆದರೆ ನಾಳೆ ಯಾರಾದರೂ ಎದ್ದು ಇದೆ ಎಂದರೆ ಏನು ಮಾಡುವುದು ಎನ್ನಿಸಿತು. ಸೋಮವಾರ ಕೊಲ್ಹಾಪುರದ ಬಸ್ಸು ಹತ್ತಿದೆ. ಅಲ್ಲಿಯ ದೊಡ್ಡ ಗ್ರಂಥಾಲಯದಲ್ಲಿ ಪತ್ರಿಕೆಗಳನ್ನು ತಿಂಗಳುಗಟ್ಟಲೆ ಸೇರಿಸಿ ಹೊಲಿದಿಟ್ಟಿದ್ದಾರೆ. ಒಂದೊಂದು ಕಟ್ಟೂ ಹೊರೆ ಹುಲ್ಲಿನಷ್ಟು ಭಾರ. ಆಷಾಢ ಶ್ರಾವಣದ ಕಟ್ಟುಗಳನ್ನೇ ಕೇಳಿ ತರಿಸಿಕೊಂಡು ಸೀನುತ್ತ ಕುಳಿತೆ. ಮೊದಲ ಪುಟದಲ್ಲಿ ನಮ್ಮ ಓಣಿ ಇಲ್ಲ, ಜಿಲ್ಲಾ ಸುದ್ದಿಯಲ್ಲೂ ಇಲ್ಲ. ಕಣ್ಣು ಉರಿಯತೊಡಗಿತ್ತು. ಸುಮ್ಮನೆ ಪುಟ ತಿರುವುತ್ತ ಪಂಚಾಂಗ, ಕೀರ್ತನೆ, ಪುಣ್ಯತಿಥಿಗಳ ಪುಟಕ್ಕೆ ಬಂದೆ. ಅಲ್ಲಿತ್ತು.

ವಾಡಿಯಲ್ಲಿ ದಕ್ಷಿಣದ್ವಾರ ಸೋಹಳಾ, ಭಕ್ತರ ಸಾಗರ ಎಂದು ತಲೆಬರಹ. ನಿನಗೆ ಹೇಳುವುದೇನಿದೆ, ನರಸೋಬಾವಾಡಿಯ ದತ್ತನ ಗುಡಿಗೆ ಹೊಳೆ ನುಗ್ಗಿ, ಪಾದುಕೆಗಳ ಮೇಲೆ ಹರಿದು, ದಕ್ಷಿಣದ ಬಾಗಿಲಿಂದ ಹೊರಬಿದ್ದರೆ ಆ ನೀರಿನಲ್ಲಿ ಮೀಯುವ ಉತ್ಸವಕ್ಕೆ ಜನ ಓಡುತ್ತಾರೆ. ಆ ಸುದ್ದಿಯ ತುದಿಗೆ ಇನ್ನೆರಡು ಸಾಲು. ಕುರುಂದವಾಡದ ಘಾಟಿನ ಓಣಿಯ ಮುತ್ತೈದೆಯರು ತಮ್ಮ ತಮ್ಮ ಮನೆಯ ಬಾಗಿಲಲ್ಲೇ ಕೃಷ್ಣಾಮಾಯಿಯ ಉಡಿ ತುಂಬಿ ಧನ್ಯರಾದರು ಎಂದು. ಮನೆಯ ಬಾಗಿಲಲ್ಲೇ. ಎಂದರೆ ಹೊಳೆ ನಮ್ಮ ಓಣಿಯ ಮನೆಗಳಿಗೇ ಬಂದಿತ್ತು. ಅಲ್ಲೇ ಕುಳಿತು ಫೋನು ತೆಗೆದು ಅದೇ ವೆಬ್‌ಸೈಟಿನಲ್ಲಿ ಮಹಾಪೂರ ಅಳಿಸಿ ದಕ್ಷಿಣದ್ವಾರ ಎಂದು ಹಾಕಿದೆ. ವರ್ಷದ ಮೇಲೆ ವರ್ಷ ತೆರೆದುಕೊಂಡಿತು. ಎಲ್ಲ ವರ್ಷವೂ ನಮ್ಮ ಓಣಿಯ ಮಾತಿರಲಿಲ್ಲ, ಆದರೆ ಬೇಕಾದಷ್ಟು ಸಲ ಇತ್ತು. ಸೇತುವೆಯ ನೀರಿನ ಲೆಕ್ಕ ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಆ ದಿನಗಳಲ್ಲೆಲ್ಲ ಅಲ್ಲಿಯೂ ನೀರು ಏರಿತ್ತು.

ನೀನು ಸುಳ್ಳು ಹೇಳಲಿಲ್ಲ ಅಕ್ಕ. ಅದನ್ನು ನಾನು ಯಾರೆದುರು ಬೇಕಾದರೂ ಹೇಳುತ್ತೇನೆ. ನಮ್ಮ ಮನೆಯಲ್ಲಿ ನೀರು ಬಂತು ಎಂದು ಯಾರೂ ಅನ್ನುತ್ತಿರಲಿಲ್ಲ. "ಬಾಯಿ ಬಂದಾಳ" ಎನ್ನುತ್ತಿದ್ದಿರಿ. ಕೃಷ್ಣಾಬಾಯಿ ತವರಿಗೆ ಬಂದ ಹೆಣ್ಣುಮಗಳು, ಬರಿಗೈಲಿ ಕಳಿಸಬಾರದು. ಖಣ, ತೆಂಗಿನಕಾಯಿ, ಅಕ್ಕಿ, ಅರಿಶಿನ ಕುಂಕುಮ. ನೀನು ಮಾಳಿಗೆಯ ಮೇಲೆ ಒಲೆ ಹೂಡಿ ಹೋಳಿಗೆ ಮಾಡುತ್ತಿದ್ದೆ. ಉಡಿ ತುಂಬಿಸಿಕೊಂಡು ಅವಳು ಇಳಿದು ಹೋಗುತ್ತಿದ್ದಳು, ನಾವು ಕೆಸರು ಬಳಿದು ಹೊರಗೆ ಹಾಕುತ್ತಿದ್ದೆವು. ಬೀಗರನ್ನು ಕಳಿಸಿ ಮನೆ ಗುಡಿಸಿದ ಹಾಗೆ. ಮನೆಗೆ ಬಂದವಳನ್ನು ಯಾರಾದರೂ ಪೂರ ಎಂದು ಲೆಕ್ಕ ಹಿಡಿಯುತ್ತಾರೆಯೇ? ನಾವು ಹಿಡಿಯಲಿಲ್ಲ, ಪತ್ರಿಕೆಯವರೂ ಹಿಡಿಯಲಿಲ್ಲ. ಎರಡು ಸಾವಿರದ ಹತ್ತೊಂಬತ್ತರ ದೊಡ್ಡ ಪೂರದಲ್ಲಿ ಬೋಟು ಬಂದು ಬಾಗಿಲಲ್ಲಿ ನಿಂತಾಗಲೂ ನೀನು ಒಳಗೆ ಖಣ ಹುಡುಕುತ್ತಿದ್ದೆ. "ತಡೀರಿ, ಉಡಿ ತುಂಬೂತನಕಾ ಇಳ್ಯೂದಿಲ್ಲ ಆಕಿ" ಅಂದೆಯಂತೆ. ನಿನ್ನ ಯಜಮಾನ, ನಮ್ಮ ಸಿದ್ದರಾಯ ಮಾವ, ರಟ್ಟೆ ಹಿಡಿದು ಎಳೆದು ನಿನ್ನನ್ನು ಬೋಟಿಗೆ ಹತ್ತಿಸಿದ. ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆ ಬಿಚ್ಚಲು ಆಗಲಿಲ್ಲ. ಆಮೇಲೆ ಎಷ್ಟೋ ದಿನ ಅದರ ಹೆಸರು ಹಿಡಿದು ನೀನು ಅತ್ತದ್ದು ಗೊತ್ತು.

ಇವತ್ತು ಗಡಹಿಂಗ್ಲಜಕ್ಕೆ ಬಂದದ್ದು, ಇದೆಲ್ಲ ಸುಳ್ಳಾಗಲಿ ಎಂಬ ಆಸೆಯಿಂದ. ಗಡಿಭಾಗದ ಒಂದು ಹಳೆಯ ಕನ್ನಡ ವಾರಪತ್ರಿಕೆಯ ಕಟ್ಟುಗಳು ಇಲ್ಲಿವೆ ಎಂದು ಕೇಳಿದ್ದೆ. ಬಾಗಿಲಲ್ಲೇ ಎಂದರೆ ಓಣಿಯ ಬಾಯಿಯಲ್ಲಿ ಎಂದಿರಬಹುದು, ಮರಾಠಿ ವರದಿಗಾರ ಭಕ್ತಿಯ ಭರದಲ್ಲಿ ಹೆಚ್ಚು ಬರೆದಿರಬಹುದು, ನಮ್ಮವರಾದರೂ ಸರಿಯಾಗಿ ಬರೆದಿರುತ್ತಾರೆ ಎಂದುಕೊಂಡು ದಾರಿಯುದ್ದಕ್ಕೂ ನನ್ನನ್ನೇ ಸಮಾಧಾನ ಮಾಡಿಕೊಂಡೆ. ವಾಚನಾಲಯ ನೋಡಿಕೊಳ್ಳುವ ಕುಂಥುನಾಥ ಎಂಬವರು ಬೀರು ತೆಗೆದು, ಒರೆಸಿಕೊಳ್ಳಲು ಒಂದು ಬಟ್ಟೆ ಕೊಟ್ಟು, "ಸಾವಕಾಶ ತಗೀರಿ ಬಾಯಾರ, ಹಾಳಿ ಪುಡಿ ಆಗತಾವ" ಎಂದು ಹೇಳಿ ಹೋದರು. ನಮ್ಮವರು ಸರಿಯಾಗಿಯೇ ಬರೆದಿದ್ದಾರೆ. ಹೆಸರು ಸಮೇತ. ಎಳೆಗೂಸಿನ ತೊಟ್ಟಿಲನ್ನು ತೊಲೆಗೆ ಏರಿಸಿ ಕಟ್ಟಿ, ದುಂಡವ್ವ ಸಿದ್ದರಾಯ ಅವರು ಸೊಂಟಮಟ್ಟದ ನೀರಿನಲ್ಲಿ ನಿಂತು ಕೃಷ್ಣೆಯ ಉಡಿ ತುಂಬಿದ್ದು ಓಣಿಯ ಭಾಗ್ಯ ಎಂದು ಬರೆದಿದ್ದಾರೆ.

ಓದಿದ ಮೇಲೆ ಆ ದಿನ ನೆನಪಾಯಿತು. ತೊಟ್ಟಿಲಲ್ಲಿ ಇದ್ದದ್ದು ಸಾಕ್ಷಿ. ಮಾವ ಊರಲ್ಲಿರಲಿಲ್ಲ. ನೀನು ತೊಟ್ಟಿಲ ಹಗ್ಗ ಬಿಗಿದು ಮೇಲೆ ಕಟ್ಟಿದೆ. ನೀರು ಇನ್ನಷ್ಟು ಬಂತು, ಮತ್ತೆ ಬಿಚ್ಚಿ ಇನ್ನೂ ಮೇಲೆ ಕಟ್ಟಿದೆ. ನನ್ನನ್ನು ಕಣಜದ ಮೇಲೆ ನಿಲ್ಲಿಸಿ, "ತೊಟ್ಟಲಾ ಗಟ್ಟಿ ಹಿಡಿ, ತೂಗಾಡಬಾರದ ನೋಡು" ಅಂದು ಬಾಗಿಲಿಗೆ ಹೋದೆ. ನಾನು ಹಿಡಿದುಕೊಂಡು ನಿಂತೆ. ಕೂಸು ನಿದ್ದೆಯಲ್ಲಿತ್ತು. ನನಗೆ ಒಂದಿಷ್ಟೂ ಹೆದರಿಕೆಯಾಗಲಿಲ್ಲ, ಹೋಳಿಗೆ ಯಾವಾಗ ಕೊಡುತ್ತೀ ಎಂಬುದೇ ಚಿಂತೆ. ಆಗ ಆಗಬೇಕಾಗಿದ್ದ ಹೆದರಿಕೆ ಈಗ ಆಗುತ್ತಿದೆ ಅಕ್ಕ. ಶ್ರಾವಣದಲ್ಲಿ ಸಾಕ್ಷಿಗೆ ದಿನ ತುಂಬುತ್ತದೆ. ಮೇಲಿನ ಘಟ್ಟದಲ್ಲಿ ಮಳೆ ಹಿಡಿದುಕೊಂಡಿದೆ, ಚಂದಗಡದಿಂದ ಬಂದ ಬಸ್ಸು ಮೈತುಂಬ ಕೆಸರು ಮೆತ್ತಿಕೊಂಡು ನಿಂತಿದ್ದನ್ನು ಈಗಷ್ಟೇ ನೋಡಿ ಬಂದೆ. ನೀನು ಅದೇ ತೊಲೆಗೆ ತೊಟ್ಟಿಲು ಕಟ್ಟುತ್ತೀ.

ಆದ್ದರಿಂದ ಮೊದಲು ಬರೆದದ್ದನ್ನು ಹರಿದು ಹಾಕಿದೆ. ಹೊಸದು ಬರೆದಿದ್ದೇನೆ, ಈ ಕಾಗದ ಮುಗಿಸಿ ಅದನ್ನು ಕೇದಾರನಿಗೆ ಕಳಿಸುತ್ತೇನೆ. ಓಣಿಗೆ ನೀರು ಮತ್ತೆ ಮತ್ತೆ ಬಂದಿದೆ, ನಾವು ಅದನ್ನು ಹಬ್ಬ ಮಾಡಿಕೊಂಡು ಮರೆತಿದ್ದೇವೆ, ಮನೆಗಳು ಮೇಲೆ ಹೋಗಬೇಕು ಎಂದು ಬರೆದಿದ್ದೇನೆ. ಯಾವ ಪತ್ರಿಕೆ, ಯಾವ ತಿಂಗಳು ಎಂಬುದನ್ನೂ ಕೊಟ್ಟಿದ್ದೇನೆ. ನಿನ್ನ ಹೆಸರು ಹಾಕಿಲ್ಲ. ಹೊಳೆದಂಡೆಯ ಬದನೆಯ ಪಾತಿಗಳು ಸಾಗುವಳಿ ಮಾಡುವವರ ಕೈಯಲ್ಲೇ ಉಳಿಯಬೇಕು, ಬರೀ ಕಲ್ಲಿನ ಮಾಳ ತೋರಿಸಿ ಕೈ ತೊಳೆದುಕೊಳ್ಳಬಾರದು, ನಲ್ಲಿ ನೀರು ರಸ್ತೆ ಮೊದಲು, ಮನೆ ಎಬ್ಬಿಸುವುದು ಆಮೇಲೆ ಎಂದೂ ಬರೆದಿದ್ದೇನೆ. ಅಷ್ಟರಿಂದ ನಿನಗೆ ಸಮಾಧಾನ ಆಗುವುದಿಲ್ಲ ಎಂದು ಬಲ್ಲೆ. ಸಾಹೇಬರು ಮೊದಲರ್ಧ ಮಾತ್ರ ಓದಿ ಉಳಿದದ್ದನ್ನು ಬಿಸಾಡಿದರೆ ನಾನು ಏನು ಮಾಡುತ್ತೇನೆ ಎಂದು ನೀನು ಕೇಳುತ್ತೀ. ಮತ್ತೆ ಮತ್ತೆ ಬರೆಯುತ್ತೇನೆ, ಅಷ್ಟೇ.

ನಾಳೆ ಮಾವ ಇಚಲಕರಂಜಿಯ ಪೇಟೆಗೆ ಬದನೆಕಾಯಿ ತರುತ್ತಾನಲ್ಲ, ಅವನ ಕೈಯಲ್ಲಿ ಈ ಕಾಗದ ಕೊಡುತ್ತೇನೆ. ಪತ್ರಿಕೆ ಭಾನುವಾರ ಬರುತ್ತದೆ. ಓಣಿಯವರು ಓದಿ ನಿನ್ನ ಬಾಗಿಲಿಗೆ ಬಂದು "ನಿನ್ನ ತಂಗೀನ ನಮ್ಮ ಮನಿ ಕೆಡವಾಕ ನಿಂತಾಳಲ್ಲ" ಎಂದು ಕೇಳುವ ಮೊದಲು ನಿನಗೆ ನನ್ನ ಬಾಯಿಂದಲೇ ಗೊತ್ತಾಗಲಿ. ಶನಿವಾರ ಸಾಕ್ಷಿಯನ್ನು ಕರೆದೊಯ್ಯಲು ನಾನು ರಿಕ್ಷಾ ಮಾಡಿಕೊಂಡು ಬರುತ್ತೇನೆ. ಚೊಚ್ಚಲು ತವರಲ್ಲೇ ಆಗಬೇಕು ಎನ್ನುತ್ತೀ, ಆಗಲಿ. ಇಚಲಕರಂಜಿಯ ಅಪ್ಪನ ಮನೆ ನಿನಗೆ ತವರು, ನಿನ್ನ ಮಗಳಿಗೆ ತವರಿನ ತವರು. ನೀನೂ ಬಾ, ಇಬ್ಬರೂ ಕೂಡಿ ಬಾಣಂತನ ಮಾಡೋಣ. ಮಗ್ಗದ ಸದ್ದಿಗೆ ಕೂಸು ಮಲಗುವುದಿಲ್ಲ ಎನ್ನಬೇಡ. ನಾವು ಆ ಸದ್ದಿನಲ್ಲೇ ಹುಟ್ಟಿ ಮಲಗಿದವರು.

ಬರುವುದಿಲ್ಲ, ನಿನ್ನ ಮುಖ ನೋಡುವುದಿಲ್ಲ ಎಂದರೆ ಅದಕ್ಕೂ ನಾನು ತಯಾರಿದ್ದೇನೆ. ಉತ್ತರ ಬರೆ. ಬರೆಯಲು ಬೇಸರವಾದರೆ ಬಾಯಲ್ಲಿ ಹೇಳು, ಕೇದಾರ ಬಂದು ಬರೆದುಕೊಳ್ಳುತ್ತಾನೆ. ಸಂಪಾದಕೀಯದ ಜಾಗದಲ್ಲೇ, ಒಂದಕ್ಷರ ಕತ್ತರಿಸದೆ ಹಾಕಿಸುತ್ತೇನೆ. ಇಷ್ಟು ಕಟ್ಟು ಬಿಚ್ಚಿ ನೋಡಿದೆ, ಆ ನೀರಿನಲ್ಲಿ ನಿಂತ ಹೆಂಗಸನ್ನು ನಿನಗೆ ಹೇಗಾಯಿತು ಎಂದು ಕೇಳಿದವರು ಒಬ್ಬರೂ ಇಲ್ಲ. ನೀನು ಹೇಳು. ಉಂಡ ಮನೆಗೆ ಎರಡು ಬಗೆದಳು ಎಂದು ಬರೆ, ನಾಲ್ಕಕ್ಷರ ಕಲಿತು ಅಕ್ಕನಿಗೇ ಬುದ್ಧಿ ಹೇಳಲು ಬಂದಳು ಎಂದು ಬರೆ. ನನ್ನ ವಿರುದ್ಧ ಏನು ಬೇಕಾದರೂ ಬರೆ ಅಕ್ಕ. ಆದರೆ ಮೊದಲು ಸಾಕ್ಷಿಯನ್ನು ನನ್ನ ಜೊತೆ ರಿಕ್ಷಾ ಹತ್ತಿಸು, ಆಮೇಲೆ ಬರೆಯಲು ಕೂಡು.

ಸಿಟ್ಟು ಇಟ್ಟುಕೊಂಡಾದರೂ ಸುಖವಾಗಿರು.

ನಿನ್ನ ಕೈಯಲ್ಲಿ ಬೆಳೆದ,
ಸಾರಿಕಾ