ಎಡಕ್ಕೆ ತಿರುಗಿದ ಬಾಣ

ಮಂಗಳವಾರ, ಮಧ್ಯಾಹ್ನ

ನನ್ನ ಪ್ರೀತಿಯ ಕೊಂಬುದೀರ್ಘ,

ಕಾಲಿನ ಊತ ಇಳಿಯಿತೇ? ಬಂದು ನೋಡಬಹುದಿತ್ತು. ಆದರೆ ಎದುರು ಕೂತು ಹೇಳಲಾಗದ ಮಾತೊಂದಿದೆ. ಅದಕ್ಕೇ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಬರೆಯಲು ಕೂತಿದ್ದೇನೆ.

ಹತ್ತೊಂಬತ್ತು ವರ್ಷ, ಪ್ರತಿ ಭಾನುವಾರ, ನಾವಿಬ್ಬರೇ ನಡೆದ ದಾರಿ ಅದು. ಬಸ್ಸಿಳಿದರೆ ಗೋಧಿ ಹೊಲದ ಬದು, ಆಮೇಲೆ ಕಾಡು, ಕಾಡು ದಾಟಿದರೆ ಹಿಟ್ಟಿನ ಗಿರಣಿಯ ಹಳ್ಳಿ, ಅಲ್ಲಿಂದ ಕೆರೆಯಂಚು ಹಿಡಿದು ಸುತ್ತಿದರೆ ಮತ್ತೆ ಅದೇ ಬಸ್ ನಿಲ್ದಾಣ. ಏರಿಲ್ಲ, ಇಳಿಜಾರಿಲ್ಲ. ವಾರವೆಲ್ಲ ನೀನು ಮುದ್ರಣಾಲಯದಲ್ಲಿ ಕರಡು ಹಿಡಿದು ಊರವರ ಕೊಂಬು, ದೀರ್ಘ, ಒತ್ತು ತಿದ್ದಿ ದಣಿದರೂ, ಅಲ್ಲಿಗೆ ಬಂದು ನನ್ನ ಮಾತಿನ ತಪ್ಪು ಹಿಡಿಯುತ್ತಿದ್ದೆ. ನನಗೆ ವಾರಕ್ಕೆ ಅದೊಂದೇ ಸುಖ.

ಎರಡು ತಿಂಗಳ ಹಿಂದೆ ನೀನು ಮಂಡಿನೋವು, ಇನ್ನು ಬರಲಾರೆ ಎಂದೆ. ನಾನು ನಂಬಿದೆ. ಮಂಡಿಗೆ ಸುತ್ತಿಕೊಳ್ಳಲು ಉಣ್ಣೆಯ ಪಟ್ಟಿ ಹೊಲಿದುಕೊಟ್ಟೆ. ಆಮೇಲೊಂದು ದಿನ ಕೋಟಿನ ಅಳತೆಗೆ ಬಂದ ಅಂಚೆಯವರು, ಹಿಂದಿನ ಭಾನುವಾರ ನೀನು ಕನ್ನಡಕದ ಅಂಗಡಿಯವಳ ತೋಳು ಹಿಡಿದು ಅದೇ ಹೊಲದ ಬದುವಿನಲ್ಲಿ ನಗುತ್ತಾ ಹೋಗುತ್ತಿದ್ದುದನ್ನು ಕಂಡೆನೆಂದರು. ಪಾಪ, ಅವರ ತೋಳಿನ ಅಳತೆಯನ್ನು ಎರಡು ಸಲ ತಪ್ಪಾಗಿ ಬರೆದುಕೊಂಡೆ.

ಅವಳು ಈ ಊರಿಗೆ ಬಂದು ಇನ್ನೂ ವರ್ಷ ತುಂಬಿಲ್ಲ. ನನ್ನ ತೋಳಿಗೇನಾಗಿತ್ತು? ಹೊಟ್ಟೆಕಿಚ್ಚು ಅನ್ನು, ನಾನು ಅಲ್ಲಗಳೆಯುವುದಿಲ್ಲ. ಒಂದು ವಾರ ಸೂಜಿಗೆ ದಾರ ಪೋಣಿಸುವಾಗಲೂ ಅವಳ ಮುಖವೇ ಕಣ್ಣ ಮುಂದೆ.

ಮೊನ್ನೆ ಭಾನುವಾರ ಮೊದಲ ಬಸ್ಸಿಗೇ ಹೋದೆ. ಕಾಡಿನ ಕವಲಿನಲ್ಲಿ ಬಾಣದ ಹಲಗೆ ಇದೆಯಲ್ಲ, ಅದರ ಮೊಳೆ ಸಡಿಲವಾಗಿತ್ತು. ಬಲಕ್ಕಿದ್ದ ಬಾಣವನ್ನು ಎಡಕ್ಕೆ, ಜೌಗಿನ ಕಡೆಗೆ ತಿರುಗಿಸಿದೆ. ಹೌದು ಕಣೆ, ನಾನೇ. ಇಬ್ಬರೂ ಕಾಲು ಕೆಸರು ಮಾಡಿಕೊಂಡು, ಒಬ್ಬರನ್ನೊಬ್ಬರು ಬೈದುಕೊಂಡು ಹಿಂದಿರುಗಲಿ, ಅಷ್ಟೇ ಆಸೆ. ಅದನ್ನು ನೋಡುವ ಚಪಲಕ್ಕೆ ಪೊದೆಯ ಹಿಂದೆ ಕೂತೆ.

ನೀವು ಬಂದಿರಿ. ಇಲ್ಲಿ ಬೇರು, ಇಲ್ಲಿ ಕಲ್ಲು ಎಂದು ಅವಳು ಹೇಳುತ್ತಿದ್ದಳು. ನೀನು ಹೆಜ್ಜೆ ಎಣಿಸುತ್ತಿದ್ದೆ. ಇದೇನು ಚೆಲ್ಲಾಟ ಎಂದು ನನಗೆ ಇನ್ನಷ್ಟು ಉರಿಯಿತು. ಬಾಣ ಯಾವ ಕಡೆಗಿದೆ ಎಂದು ನೀನು ಅವಳನ್ನು ಕೇಳಿದೆ. ಹಲಗೆ ನಿನ್ನ ಮೂಗಿನ ಮುಂದೆಯೇ ಇತ್ತು. ಅವಳು ಎಡಕ್ಕೆ ಎಂದಳು. ನೀನು ತಡೆದು, ಬಲಕ್ಕಿರಬೇಕಲ್ಲ ಎಂದೆ. ಹಲಗೆ ಯಾಕೆ ಸುಳ್ಳು ಹೇಳುತ್ತದೆ ಎಂದಳು. ನಿನ್ನ ಹತ್ತೊಂಬತ್ತು ವರ್ಷವನ್ನು ಬಿಟ್ಟು ಅವಳ ಮಾತು ನಂಬಿದೆ. ಆಗ ನಾನು ಕೂಗಬಹುದಿತ್ತು. ಕೂಗಲಿಲ್ಲ.

ನಿನ್ನ ಚೀತ್ಕಾರ ಕೇಳಿದ ಮೇಲೆ ಓಡಿ ಬಂದೆ. ನೀನು ಪಾದ ಉಳುಕಿ ಕೆಸರಿನಲ್ಲಿ ಕೂತಿದ್ದೆ. ಮುಖ ನನ್ನತ್ತ ಎತ್ತಿದೆ, ನೋಟ ಮಾತ್ರ ನನ್ನ ಕಿವಿಯ ಪಕ್ಕದಲ್ಲೆಲ್ಲೋ.

"ಯಾರದು?" ಎಂದೆ.

ನನ್ನನ್ನು ನೀನು ಯಾರದು ಎಂದು ಕೇಳಿದೆ.

ನನ್ನ ದನಿ ಕೇಳಿದ ಮೇಲೆ ನೀನು ಹೇಳಿದ್ದು ಈಗಲೂ ಕಿವಿಯಲ್ಲಿದೆ: "ಮಧ್ಯದಲ್ಲಿ ಎಲ್ಲಾ ಮಂಜು ಕಣೆ, ಅಂಚಲ್ಲಿ ಅಷ್ಟಿಷ್ಟು ಕಾಣ್ಸತ್ತೆ. ಅದೂ ಹೋಗೋದ್ರೊಳಗೆ ಈ ದಾರಿನ ಕಾಲಿಗೆ ಕಲಿಸ್ಕೊಂಡ್ರೆ, ಮತ್ತೆ ನಿನ್ ಜೊತೆ ಬರಬಹುದು, ನಿಂಗೆ ಗೊತ್ತೇ ಆಗಲ್ಲ ಅನ್ಕೊಂಡಿದ್ದೆ."

ನಾನು ಅಲ್ಲಿಗೆ ಹೇಗೆ ಬಂದೆನೆಂದು ನೀನು ಕೇಳಲಿಲ್ಲ. ದಾರಿ ಬಲ್ಲವಳು ಸಿಕ್ಕಿದಳಲ್ಲ ಎಂದು ಅವಳ ಮುಂದೆ ನನ್ನನ್ನು ಹೊಗಳಿದೆ. ಅದಕ್ಕಿಂತ ಎರಡೇಟು ಹಾಕಿದ್ದರೆ ಚೆನ್ನಾಗಿತ್ತು.

ನಿನ್ನೆ ಹೋಗಿ ಬಾಣವನ್ನು ಬಲಕ್ಕೆ ತಿರುಗಿಸಿ, ಎರಡು ಹೊಸ ಮೊಳೆ ಹೊಡೆದು ಬಂದೆ. ಕ್ಷಮಿಸು ಎಂದು ಕೇಳುತ್ತೇನೆ, ಕ್ಷಮಿಸಲೇಬೇಕೆಂದಿಲ್ಲ. ಆದರೆ ನಿಜ ಹೇಳಿಬಿಡುತ್ತೇನೆ. ನಿನ್ನ ಕಣ್ಣು ಮಂಜಾದದ್ದು ಅವಳಿಗೆ ನನಗಿಂತ ಎರಡು ತಿಂಗಳು ಮೊದಲು ಗೊತ್ತಿತ್ತು. ಕಣ್ಣು ಪರೀಕ್ಷಿಸಿದವಳಿಗೆ ಗೊತ್ತಾಗದೆ ಇರುತ್ತದೆಯೇ ಎಂದು ಬುದ್ಧಿ ಹೇಳುತ್ತದೆ, ಮನಸ್ಸು ಕೇಳುವುದಿಲ್ಲ. ಆ ಕೆಸರಿನಿಂದ ನಿನ್ನನ್ನು ಎತ್ತಲು ಮೊದಲು ಕೈಚಾಚಿದ್ದೂ ಅವಳೇ. ನಿನ್ನನ್ನು ಬೀಳಿಸಿದ ನನಗೆ ಅದೂ ಚುಚ್ಚುತ್ತಿದೆ ನೋಡು.

ಪಾದ ವಾಸಿಯಾದ ಮೇಲೆ ನನ್ನ ತೋಳು ಹಿಡಿಯುತ್ತೀಯಾ? ಬೇಡವೆಂದರೆ ಹತ್ತು ಹೆಜ್ಜೆ ಹಿಂದೆ ಬರುತ್ತೇನೆ, ಬಾಯಿ ಮುಚ್ಚಿಕೊಂಡು.

ನಿನ್ನ,
ಕತ್ತರಿ

ತಾಜಾ ಕಲಂ: ಅಕ್ಷರಗಳನ್ನು ಹೆಬ್ಬೆರಳಿನಷ್ಟು ದಪ್ಪ ಬರೆದಿದ್ದೇನೆ, ಮೂವತ್ತೊಂದು ಹಾಳೆಯಾಯಿತು. ಎರಡು ದಿನ ಹಿಡಿದರೂ ಸರಿ, ನೀನೇ ಓದು. ಅವಳ ಕೈಲಿ ಓದಿಸಬೇಡ.