ಬನ್ ಪಿಕ್ಚರಿನಲ್ಲಿ ಓಡಿಸಿದ ಭಾಗ

ಹಾಸ್ಟೆಲ್, ರೂಮ್ ನಂ. ೨೧೪
ಚೆನ್ನೈ
೧೪ ಆಗಸ್ಟ್ ೨೦೦೪, ಶನಿವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಶ್ರೀಯಾಳ ನಮಸ್ಕಾರ. ನೀನು, ಅನಿಲ್ ಭಾವ, ಅಪ್ಪ, ನಿನ್ನ ಪುಟ್ಟ ಮಗ ಸಾಯಿ ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಸಾಯಿಯ ಮೊದಲನೇ ಬರ್ತ್‌ಡೇಗೆ ಕರೆದು ನೀನು ಕಳಿಸಿದ ಕಾರ್ಡು ಬಂದು ಹನ್ನೊಂದು ದಿನ ಆಯಿತು. ಉತ್ತರ ಬರೆಯಲಿಲ್ಲ, ಸಾರಿ. ಕಾಲೇಜಿನಲ್ಲಿ ಇಂಟರ್ನಲ್ಸ್ ಪರೀಕ್ಷೆ ಇತ್ತು ಅಂದರೆ ನೀನು ನಂಬುತ್ತೀಯ. ಆದರೆ ಇಂಟರ್ನಲ್ಸ್ ಮುಗಿದೇ ಒಂದು ವಾರ ಆಗಿದೆ. ಈ ಕಾಗದ ನಾಲ್ಕು ಸಲ ಶುರು ಮಾಡಿ ಹರಿದೆ. ಇದು ಐದನೆಯದು.

ನಿಮ್ಮ ವೇಲಚೇರಿ ಮನೆಯಿಂದ ಇಲ್ಲಿಗೆ ಬಸ್ಸಿನಲ್ಲಿ ಅರ್ಧ ಗಂಟೆ, ಫೋನ್ ಮಾಡಿದರೆ ಒಂದು ರೂಪಾಯಿ, ಇವಳು ಕಾಗದ ಬರೀತಾಳೆ ನೋಡು ಅಂತ ಭಾವ ನಗಬಹುದು. ನಗಲಿ. ಏರ್ಕಾಡಿನ ಕಾನ್ವೆಂಟ್ ಬೋರ್ಡಿಂಗ್ ಸ್ಕೂಲಿನಲ್ಲಿ ಹತ್ತು ವರ್ಷ ಪ್ರತಿ ಭಾನುವಾರ ಮನೆಗೆ ಲೆಟರ್ ಬರೆಸುತ್ತಿದ್ದರು. ಸಿಸ್ಟರ್ ಓದಿ ನೋಡಿದ ಮೇಲೇ ಕವರಿಗೆ ಗೋಂದು. ಅದಕ್ಕೇ ನಿಮಗೆ ಬಂದ ಅಷ್ಟೂ ಲೆಟರಿನಲ್ಲಿ ಐ ಆಮ್ ಫೈನ್, ಫುಡ್ ಈಸ್ ಗುಡ್, ಅಷ್ಟೇ. ಕನ್ನಡದಲ್ಲಿ ನಿನಗೆ ಬರೀತಿರೋದು ಇದೇ ಮೊದಲು. ಅಂಬುಜಮ್ಮಜ್ಜಿ ಮೇ ರಜೆಯಲ್ಲಿ ನನ್ನ ಕೈಗೆ ಸ್ಲೇಟು ಕೊಟ್ಟು ಕಲಿಸಿದ ಅಕ್ಷರ ಇದು, ತಪ್ಪಿದ್ದರೆ ಅಜ್ಜಿಯನ್ನು ಬೈಯಬೇಡ, ಪಾಪ, ಹೋಗಿ ಎರಡು ವರ್ಷ ಆಯಿತು. ಇಲ್ಲಿ ಯಾರಿಗೂ ಕನ್ನಡ ಓದೋಕೆ ಬರಲ್ಲ. ಅದೂ ಒಂದು ಕಾರಣ.

ಕಾರ್ಡಿನ ಹಿಂದೆ ನೀನು ಬರೆದಿದ್ದೀಯ: "ಇಪ್ಪತ್ತೊಂಬತ್ತನೇ ತಾರೀಖು ಭಾನುವಾರ. ಊಟ ಆದಮೇಲೆ ಬನ್ ಪಿಕ್ಚರ್. ಚಿಕ್ಕವಳ ಹಾಡು ನೀನೇ ಹಾಡಬೇಕು, ಸಾಯಿ ಕೇಳಲಿ. ಭಾವ ಹಳೇ ವಿಡಿಯೋ ಕ್ಯಾಸೆಟ್ಟನ್ನು ಸಿಡಿ ಮಾಡಿಸಿದ್ದಾರೆ. ಫಂಗಸ್ ಬಂದಿದ್ದ ಭಾಗ ತೆಗೆಸಿಬಿಟ್ಟೆ. ಇನ್ನು ಓಡಿಸೋ ತಾಪತ್ರಯ ಇಲ್ಲ."

ಅದರ ಬಗ್ಗೆಯೇ ಬರೀಬೇಕು. ಕೋಪ ಮಾಡಿಕೊಳ್ಳದೆ ಓದು. ಪ್ಲೀಸ್.

ಅಜ್ಜಿ ಅದಕ್ಕೆ ಬನ್ ಪಿಕ್ಚರ್ ಅಂತ ಹೆಸರಿಟ್ಟಿದ್ದು ನೆನಪಿದೆಯಲ್ಲ. ನಿಜವಾದ ಹೆಸರು ಅಜ್ಜಿಗೆ ಕೊನೆಯವರೆಗೂ ಬಾಯಿಗೆ ಬರಲಿಲ್ಲ. ಒಬ್ಬ ಬ್ರೆಡ್ ಅಂಗಡಿಯವನು, ಹೆಂಡತಿ ಇಲ್ಲ, ಮೂರು ಮಕ್ಕಳು, ಒಲೆ ಸುತ್ತ ನಿಂತು ಹಾಡ್ತಾರೆ. ಅಮ್ಮ ಹುಡುಗಿಯಾಗಿದ್ದಾಗ ಮೌಂಟ್ ರೋಡಿನ ಥಿಯೇಟರಿನಲ್ಲಿ ಆರು ಸಲ ನೋಡಿದ್ದಳಂತೆ. ನಮ್ಮನ್ನು ಮಲಗಿಸುವಾಗ ಅದರ ಹಾಡೇ ಹಾಡ್ತಿದ್ದಳು. ಅಮ್ಮ ಹೋದಮೇಲೆ ಅಪ್ಪ ಹುಡುಕಿ ಹುಡುಕಿ ಕ್ಯಾಸೆಟ್ ತಂದರು. ನೀವಿಬ್ಬರೂ ಮೊದಲು ನೋಡಿದಿರಿ. ಆಮೇಲೆ, ನಾನು ಮೊದಲನೇ ಸಲ ಏರ್ಕಾಡಿಗೆ ಹೊರಡೋ ಹಿಂದಿನ ದಿನ ಮಧ್ಯಾಹ್ನ, ನನಗೆ ತೋರಿಸಿದಿರಿ. ಆಗ ನನಗೆ ಎಂಟು, ನಿನಗೆ ಹದಿನೈದು. ಅಲ್ಲಿಂದ ಅದೇ ಪದ್ಧತಿ ಆಗಿಹೋಯಿತು. ಪ್ರತಿ ರಜೆಯ ಕೊನೇ ಮಧ್ಯಾಹ್ನ ನನ್ನ ಟ್ರಂಕು ಕಟ್ಟಿಟ್ಟು, ಎಲ್ಲರೂ ಬೆಣ್ಣೆ ಬನ್ ತಿಂದುಕೊಂಡು ಅದನ್ನು ನೋಡೋದು. ಅಪ್ಪ ಅಂಗಡಿಯವನು, ನೀನು ದೊಡ್ಡ ಮಗಳು, ನಾನು ಚಿಕ್ಕವಳು, ಮಧ್ಯದ ಹುಡುಗನ ಪಾರ್ಟು ಅಜ್ಜಿ ಚಪ್ಪಾಳೆ ತಟ್ಟಿ ನಡೆಸೋರು.

ಚಿಕ್ಕವಳಿಗೆ ಎರಡು ಜಡೆ ಇತ್ತು, ನನಗೂ. ಅರ್ಧ ಸಿನಿಮಾ ಆದಮೇಲೆ ನೀನು ಎದ್ದು ಹೋಗಿ ವಿಸಿಆರ್ ಮಷಿನ್ ಹತ್ತಿರ ಕೂರುತ್ತಿದ್ದೆ. "ಇಲ್ಲಿ ಟೇಪಿಗೆ ಫಂಗಸ್ ಬಂದಿದೆ, ಹಾಗೇ ಬಿಟ್ಟರೆ ಹೆಡ್ ಹಾಳಾಗುತ್ತೆ," ಅಂತ ಸ್ಟಾಪ್ ಒತ್ತಿ ಫಾರ್ವರ್ಡ್ ಮಾಡ್ತಿದ್ದೆ. ಪರದೆ ನೀಲಿ. ಮಷಿನ್ ಗುಂಯ್ ಅನ್ನೋದು. ನೀನು ನಂಬರ್ ಓಡೋದನ್ನೇ ನೋಡ್ತಾ ಇದ್ದು ಸರಿಯಾದ ಜಾಗದಲ್ಲಿ ನಿಲ್ಲಿಸ್ತಿದ್ದೆ. ಮತ್ತೆ ಹಾಡು ಶುರು. ಈಗ ಚಿಕ್ಕವಳಿಗೆ ಜಡೆ ಇಲ್ಲ, ಕೂದಲು ಕಿವಿಯ ಮೇಲಕ್ಕೆ, ತಲೆ ಮೇಲೆ ಯಾರದ್ದೋ ದೊಡ್ಡ ಟೋಪಿ. ಕೂದಲು ಯಾಕೆ ಕತ್ತರಿಸಿದರು ಅಂತ ನಾನು ಕೇಳಿದ್ದೆ. "ಹೇನು ಆಗಿರಬೇಕು ಕಣೇ," ಅಂದೆ ನೀನು. ಅಜ್ಜಿ ನಕ್ಕರು. ಅಪ್ಪ ನಗಲಿಲ್ಲ. ಟಿವಿ ಬಿಟ್ಟು ನಿನ್ನ ಕಡೆ ನೋಡಿದರು. ಅದು ಯಾಕೋ ನೆನಪಿನಲ್ಲಿ ಉಳಿದಿದೆ.

ಏರ್ಕಾಡಿನಲ್ಲಿ ಮೊದಲನೇ ವಾರವೇ ನನ್ನ ಜಡೆಯೂ ಹೋಯಿತು. ಚಿಕ್ಕ ಮಕ್ಕಳಿಗೆ ತಲೆ ಬಾಚೋಕೆ ಆಯಾ ಸಾಲಲ್ಲ ಅಂತ. ನಾನು ಅಳಲಿಲ್ಲ, ಗೊತ್ತಾ? ಸಿನಿಮಾದಲ್ಲೂ ಹೀಗೇ ಆಗುತ್ತೆ, ಕೂದಲು ಹೋದಮೇಲೆ ಮತ್ತೆ ಮನೆ, ಹಾಡು ಬರುತ್ತೆ ಅಂದುಕೊಂಡಿದ್ದೆ. ಎಂಟು ವರ್ಷದ ಮಗುವಿನ ಲಾಜಿಕ್.

ಹೋದ ಶನಿವಾರ ಮಧ್ಯಾಹ್ನ ನಮ್ಮ ಫಿಲ್ಮ್ ಕ್ಲಬ್‌ನವರು ಆಡಿಟೋರಿಯಂನಲ್ಲಿ ಇದೇ ಸಿನಿಮಾ ಹಾಕಿದರು. ನೋಟೀಸ್ ನೋಡಿ ನನಗೆ ಎಷ್ಟು ಖುಷಿ ಅಂದರೆ, ಅಕ್ಕ, ಜೂನಿನಲ್ಲಿ ಕಾಲೇಜು ಸೇರಿದಾಗಿನಿಂದ ಬಾಯಿ ಬಿಡದೆ ಇದ್ದವಳು ಇಡೀ ವಿಂಗಿಗೆ ಹೇಳಿಕೊಂಡು ಬಂದೆ. ನನ್ನ ರೂಮ್‌ಮೇಟ್ ಮಧುರಾಗೆ, ಅವಳ ಅಪ್ಪನದು ಕೋಯಂಬೇಡಿನಲ್ಲಿ ಈರುಳ್ಳಿ ಮಂಡಿ, ಒಂದೊಂದು ಡೈಲಾಗೂ ಬೈಹಾರ್ಟ್ ಅಂತ ಜಂಬ ಕೊಚ್ಚಿದೆ. "ನಮ್ಮನೇಲಿ ಇದು ಹಬ್ಬದ ಥರ," ಅಂದೆ. ಮನೆಯ ಬಗ್ಗೆ ಹೇಳಿಕೊಳ್ಳೋಕೆ ನನ್ನ ಹತ್ತಿರ ಇದ್ದದ್ದು ಅದೊಂದೇ.

ಹಾಲ್ ತುಂಬಿ ಮೆಟ್ಟಿಲ ಮೇಲೂ ಜನ. ನಲವತ್ತು ವರ್ಷದ ಹಳೇ ಸಿನಿಮಾಗೆ ಅಷ್ಟು ಜನ ಯಾಕೆ ಬರ್ತಾರೆ ಅಂತ ನನಗೆ ಆಶ್ಚರ್ಯ. ವಾರ್ಡನ್ ಮೇಡಂ ಮೊದಲನೇ ಸಾಲಿನಲ್ಲಿ ಕೂತು ಜೋರಾಗಿ ಹಾಡಿದರು, ಶ್ರುತಿ ಇಲ್ಲ ತಾಳ ಇಲ್ಲ. ಎಲ್ಲರಿಗೂ ಹಾಡು ಬರುತ್ತೆ. ಎಲ್ಲರೂ ಯಾರ ಜೊತೆಯೋ ನೋಡಿದವರೇ, ಅಮ್ಮನ ಜೊತೆ, ಅಜ್ಜನ ಜೊತೆ. ಮೆಸ್ಸಿನ ಪ್ರೇಮಮ್ಮ ಕೂಡ ಕೆಲಸ ಬಿಟ್ಟು ಬಾಗಿಲ ಹತ್ತಿರ ನಿಂತಿದ್ದರು. ನಾನು ಮಧುರಾ ಕಿವಿಯಲ್ಲಿ ಒಂದೊಂದು ಸಾಲನ್ನೂ ಮೊದಲೇ ಹೇಳ್ತಾ ಇದ್ದೆ.

ಆಮೇಲೆ ನೀನು ಎದ್ದು ಮಷಿನ್ ಹತ್ತಿರ ಹೋಗೋ ಜಾಗ ಬಂತು. ಪರದೆ ನೀಲಿ ಆಗಲಿಲ್ಲ. ಸಿನಿಮಾ ನಡೀತಾನೇ ಇತ್ತು.

ಹನ್ನೆರಡು ನಿಮಿಷ. ಅಂಗಡಿಯವನು ಚಿಕ್ಕವಳನ್ನು ದೂರದ ಕಾನ್ವೆಂಟಿಗೆ ಕಳಿಸ್ತಾನೆ. ಗಾಡಿ ಹತ್ತಿಸುವಾಗ ಕೈಗೊಂದು ಬನ್ ಕೊಡ್ತಾನೆ. ಅಲ್ಲಿ ಕೂದಲು ಕತ್ತರಿಸ್ತಾರೆ. ಹೇನು ಗೀನು ಏನೂ ಇಲ್ಲ. ಮನೆಯಲ್ಲಿ ಉಳಿದವರು ಹಾಡೋಕೆ ನಿಲ್ತಾರೆ, ಮೂರನೇ ದನಿ ಇಲ್ಲದೆ ಹಾಡು ಅರ್ಧಕ್ಕೇ ನಿಲ್ಲುತ್ತೆ. ಬೆಳಗಾಗೋ ಹೊತ್ತಿಗೆ ಅವನು ಅಂಗಡಿ ಬಾಗಿಲು ಹಾಕಿ, ಹಿಮದಲ್ಲಿ ನಡೆದುಕೊಂಡೇ ಹೋಗಿ ಮಗಳನ್ನು ವಾಪಸ್ ಕರೆದುಕೊಂಡು ಬರ್ತಾನೆ.

ನನ್ನ ಬಾಯಿ ನಿಂತುಹೋಯಿತು. ಮಧುರಾ ಮೊಣಕೈಯಲ್ಲಿ ತಿವಿದು, "ಎನ್ನಡಿ, ಬೈಹಾರ್ಟ್ ಅಂದೆ? ಸಿಲಬಸ್‌ನಲ್ಲಿ ಇರಲಿಲ್ಲವಾ ಇದು?" ಅಂದಳು. ಹಿಂದಿನ ಸಾಲಿನವರೆಲ್ಲ ನಕ್ಕರು. ನಾನು ಎದ್ದು ಹೊರಗೆ ಬಂದೆ.

ಪ್ರೇಮಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಳ್ತಾ ನಿಂತಿದ್ದರು. ಹೊಸೂರಿನವರು, ನನ್ನ ಹತ್ತಿರ ಮಾತ್ರ ಕನ್ನಡ. ನಿಮಗೆ ಇಂಗ್ಲಿಷ್ ಅರ್ಥ ಆಯ್ತಾ ಅಂತ ಕೇಳಿದೆ. "ಇದುಕ್ಕೆ ಇಂಗ್ಲಿಷ್ ಯಾಕೆ ಮಗಾ? ಎಳೆ ಕೂಸ್ನ ಕಳಿಸ್‌ಬುಟ್ರು. ಮನಸ್ ತಡೀಲಿಲ್ಲ, ಹೋಗಿ ಕರ್ಕೊಂಡ್ ಬಂದ್ರು. ಬಂದ್ರಲ್ಲ, ಸಾಕು ಬುಡು," ಅಂದರು. ಆಮೇಲೆ ನನ್ನ ಮುಖ ನೋಡಿ, "ನೀನ್ಯಾಕೆ ಅಳ್ತೀಯಾ, ಕತೆ ಚೆಂದಾಗೇ ಆಯ್ತಲ್ಲ," ಅಂದರು.

ಆ ಸಿನಿಮಾ ಯಾಕೆ ಹಳೇದಾಗಲ್ಲ ಅಂತ ಆಗ ಗೊತ್ತಾಯಿತು. ಹಾಡಿಗಲ್ಲ. ಕಳಿಸಿದ ಮಗುವನ್ನು ಹೋಗಿ ಕರೆದುಕೊಂಡು ಬರ್ತಾರೆ ಅನ್ನೋದಕ್ಕೆ ಜನ ಮತ್ತೆ ಮತ್ತೆ ನೋಡ್ತಾರೆ. ನಮ್ಮ ಮನೆಯಲ್ಲಿ ಅದನ್ನು ಬಿಟ್ಟು ಉಳಿದದ್ದೆಲ್ಲ ನೋಡಿದೆವು. ಹತ್ತು ವರ್ಷ, ಟ್ರಂಕು ಪಕ್ಕದಲ್ಲಿಟ್ಟುಕೊಂಡು, ಬನ್ ತಿಂದುಕೊಂಡು.

ನನಗೆ ಗೊತ್ತು, ಅಪ್ಪನಿಗೆ ಬ್ಯಾಂಕಿನಲ್ಲಿ ಟ್ರಾನ್ಸ್‌ಫರ್ ಮೇಲೆ ಟ್ರಾನ್ಸ್‌ಫರ್ ಇತ್ತು, ಅಜ್ಜಿಗೆ ಮಂಡಿ ನೋವು. ಹಾಗಂತಲೇ ನನಗೆ ಹೇಳಿದ್ದು, ನಾನೂ ಎಲ್ಲರಿಗೂ ಹಾಗೇ ಹೇಳಿಕೊಂಡು ಬಂದಿದ್ದೇನೆ. ಚಿಕ್ಕ ಮಗು ಅಳದೇ ಇರಲಿ ಅಂತ ಆ ಭಾಗ ಓಡಿಸಿದಿರಿ ಅಂತಲೂ ಇಟ್ಟುಕೊಳ್ಳೋಣ. ಆದರೆ ನನಗೆ ಹದಿನಾಲ್ಕು ಆದಾಗ? ಹದಿನೇಳು ಆದಾಗ? ಈಗ ಸಿಡಿಯಿಂದಲೇ ತೆಗೆಸಿದ್ದೀಯ. ಇನ್ನು ಸಾಯಿಯ ಪಾಲಿಗೂ ಚಿಕ್ಕವಳ ಕೂದಲು ಹೋದದ್ದು ಹೇನಿನಿಂದಲೇ.

ಇಪ್ಪತ್ತೊಂಬತ್ತಕ್ಕೆ ಬರ್ತೀನೋ ಇಲ್ಲವೋ ಇದನ್ನು ಬರೆಯುವಾಗಲೂ ನನಗೆ ಗೊತ್ತಿಲ್ಲ. ಬಂದರೂ ಹಾಡೋಕೆ ಆಗುತ್ತಾ, ಅದೂ ಗೊತ್ತಿಲ್ಲ. ನಾನು ತುಂಬಾ ಜಾಸ್ತಿ ಬರೆದೆನಾ? ರೂಡ್ ಆಯಿತಾ? ಹರಿದು ಹಾಕಿದರೆ ಮತ್ತೆ ಬರೆಯೋ ಧೈರ್ಯ ಬರಲ್ಲ, ಅದಕ್ಕೆ ಹೀಗೇ ಕಳಿಸ್ತಿದ್ದೇನೆ.

ಭಾವನಿಗೆ ನಮಸ್ಕಾರ. ಅಪ್ಪ ಬಿಪಿ ಮಾತ್ರೆ ಮರೆಯದೆ ತಗೊಳ್ಳಲಿ. ಸಾಯಿಗೆ ನನ್ನನ್ನು ತಮಿಳಿನಲ್ಲಿ ಚಿತ್ತಿ ಅಂತ ಕರೆಯೋಕೆ ಕಲಿಸ್ತಿದ್ದೀಯಂತೆ, ಚಿಕ್ಕಮ್ಮ ಅಂತ ಕಲಿಸು. ನೂರು ವರ್ಷ ಬಾಳಲಿ. ಅವನು ಬೆಳೆಯೋದು ಮನೆಯಲ್ಲೇ ಆಗಲಿ. ಅದೊಂದೇ ನನ್ನ ಆಶೀರ್ವಾದ.

ನಿನ್ನ ತಂಗಿ,
ಶ್ರೀಯಾ

ಮರೆತ ಮಾತು: ಮರೆತಿಲ್ಲ. ಮೇಲೆ ಬೇಕಂತಲೇ ಬಿಟ್ಟೆ, ನಿನ್ನ ಥರ.

ಆ ಹನ್ನೆರಡು ನಿಮಿಷ ಶುರುವಾಗೋದು ಊಟದ ಮೇಜಿನಲ್ಲಿ. ದೊಡ್ಡ ಮಗಳು ಸ್ಪೂನ್ ಕೆಳಗಿಟ್ಟು, "ನಾನು ಇವಳ ಅಮ್ಮ ಅಲ್ಲ. ಇವಳನ್ನು ಎಲ್ಲಿಗಾದರೂ ಕಳಿಸಿ," ಅಂತಾಳೆ. ಅಂಗಡಿಯವನು ಎದ್ದು ಚಿಕ್ಕವಳ ಪೆಟ್ಟಿಗೆ ಕಟ್ತಾನೆ.

ಮೊನ್ನೆ ನೀನು ಸಾಯಿಗೆ ಇಂಜೆಕ್ಷನ್ ಹಾಕಿಸೋಕೆ ಹೋಗಿದ್ದಾಗ ಅಪ್ಪನಿಗೆ ಫೋನ್ ಮಾಡಿದ್ದೆ. "ನನ್ನನ್ನು ಕಳಿಸಿ ಅಂತ ಯಾರಾದರೂ ಕೇಳಿದ್ರಾಪ್ಪ?" ಅಂದೆ. ಯಾರ ಹೆಸರೂ ಎತ್ತಲಿಲ್ಲ, ದೇವರಾಣೆ.  ಅಪ್ಪ, "ಅವಳಿಗೂ ಆಗ ಹದಿನೈದೇ ವರ್ಷ, ಮರಿ. ಟೆನ್ತ್ ಬೇರೆ. ನೀನು ಅಮ್ಮ ಬೇಕು ಅಂತ ದಿನಾ ಅಳ್ತಿದ್ದೆ, ಅವಳಿಗೆ ಓದೋಕೆ ಆಗ್ತಿರಲಿಲ್ಲ," ಅಂದರು.

ಹದಿನೈದೇ ವರ್ಷ, ಒಪ್ಪಿದೆ. ಆದರೆ ಈ ಜೂನಿನಲ್ಲಿ ನಿನಗೆ ಇಪ್ಪತ್ತೈದು. ಕಾಲೇಜು ಸೇರುವಾಗ ನಾನು ಮನೆಯಲ್ಲೇ ಇರ್ತೀನಿ ಅಂದೆ. "ಸಾಯಿ ಅಳ್ತಾನೆ ಕಣೇ, ನಿನಗೆ ಓದೋಕೆ ಡಿಸ್ಟರ್ಬ್ ಆಗುತ್ತೆ," ಅಂದೆ ನೀನು. ಅಪ್ಪ, "ಅವಳಿಗೆ ಹಾಸ್ಟೆಲ್ ಅಭ್ಯಾಸ ಆಗಿದೆ," ಅಂದರು. ಅಳೋದು ನಾನಾದರೂ ಹೋಗೋದು ನಾನೇ, ಓದೋದು ನಾನಾದರೂ ಹೋಗೋದು ನಾನೇ.

ಇನ್ನೊಂದು. ಹಿಮದಲ್ಲಿ ಅಂಗಡಿಯವನು ಒಬ್ಬನೇ ಹೋಗಲ್ಲ, ಅಕ್ಕ. ದೊಡ್ಡ ಮಗಳೂ ಹೋಗ್ತಾಳೆ. ಗೇಟಿನಲ್ಲಿ ನಿಂತು ತನ್ನ ಟೋಪಿ ತೆಗೆದು ಚಿಕ್ಕವಳ ತಲೆಗೆ ಹಾಕ್ತಾಳೆ. ಆ ಟೋಪಿ ಅವಳದ್ದು. ನೀನು ಒತ್ತಿ ಒತ್ತಿ ಓಡಿಸಿದ್ದರಲ್ಲಿ ಅದೂ ಹೋಯಿತು.

ಮಧುರಾ ಪೂರ್ತಿ ಸಿನಿಮಾದ ಡಿವಿಡಿ ತಂದುಕೊಟ್ಟಿದ್ದಾಳೆ, ಎಲ್ಲರೂ ನಕ್ಕಿದ್ದಕ್ಕೆ ಸಾರಿ ಅಂತ. ಇಪ್ಪತ್ತೊಂಬತ್ತಕ್ಕೆ ನಾನು ಬರೋದಾದರೆ ಅದನ್ನು ಹಿಡಿದುಕೊಂಡೇ ಬರ್ತೀನಿ, ನೀನು ಪಕ್ಕದಲ್ಲಿ ಕೂತು ಪೂರ್ತಿ ನೋಡಬೇಕು. ಬೇಡ ಅನ್ನಿಸಿದರೆ ಮೊದಲೇ ಹೇಳಿಬಿಡು, ಸಂಕೋಚ ಬೇಡ. ನನಗೆ ಹಾಸ್ಟೆಲ್ ಅಭ್ಯಾಸ ಆಗಿದೆ.